ಈಗ ನೀನು ಹೇಳು, ನಾನು ಮಾಡ್ತೀನಿ

ನಾಯಿಯ ಜೊತೆ ಕನ್ನಡಿಗರು ಇಂಗ್ಲಿಷಿನಲ್ಲೇ ಮಾತಾಡುವುದು. ಮನೆಮಂದಿಗೆಲ್ಲ ಸೇರಿ ನಾಲ್ಕು ಸಾಲು ಇಂಗ್ಲಿಷ್ ಬಾರದಿದ್ದರೂ ಟಾಮಿಗೆ ಮಾತ್ರ ‘ಕಮ್’, ‘ಸಿಟ್’, ‘ಗೋ’ ಎಂದೇ ಹೇಳಬೇಕು. ‘ಬಾ, ಕೂತ್ಕೋ’ ಅಂದರೆ ಅದಕ್ಕೆ ತಿಳಿಯುವುದಿಲ್ಲ ಎಂದು ಯಾರು ತೀರ್ಮಾನಿಸಿದರೋ! ಬಸ್ಸಿನಲ್ಲಿ ಕಂಡಕ್ಟರ್ ‘ಹೋಲ್ಡಾನ್’ ಎಂದು ಕೂಗಿದರೆ ಡ್ರೈವರ್ ಬ್ರೇಕ್ ಒತ್ತುತ್ತಾನೆ, ‘ರೈಟ್ ರೈಟ್’ ಅಂದರೆ ಗೇರು ಬೀಳುತ್ತದೆ. ಲಾರಿಯನ್ನು ಹಿಂದಕ್ಕೆ ತೆಗೆಸುವ ಕ್ಲೀನರ್ ‘ಬರ್ಲಿ, ಬರ್ಲಿ’ ಎಂದು ಕನ್ನಡದಲ್ಲಿ ಶುರು ಮಾಡಿ ‘ಸ್ಟಾಪ್’ ಎಂದು ಇಂಗ್ಲಿಷಿನಲ್ಲಿ ಮುಗಿಸುತ್ತಾನೆ. ಹಳೆಯ ಸಿನಿಮಾಗಳಲ್ಲಿ ನಾಯಕಿಯ ಶ್ರೀಮಂತ ಅಪ್ಪನಿಗೆ ಸಿಟ್ಟು ಬಂದರೆ ‘ಶಟಪ್’, ಇನ್ನೂ ಸಿಟ್ಟು ಬಂದರೆ ‘ಗೆಟೌಟ್’.

ಅಂದರೆ ಶಾಲೆಯ ಮೆಟ್ಟಿಲು ಹತ್ತದೆಯೇ ನಮ್ಮ ಜನ ಕಲಿತ ಇಂಗ್ಲಿಷ್ ಎಂದರೆ ಆಜ್ಞೆಯ ಇಂಗ್ಲಿಷ್. ಯಾರೂ ಕಲಿಸಲಿಲ್ಲ, ಯಾರೂ ಪರೀಕ್ಷೆ ಇಡಲಿಲ್ಲ. ಮಾತು ಕಿವಿಗೆ ಬಿತ್ತು, ಕಣ್ಣೆದುರು ಒಂದು ಕೆಲಸ ನಡೆಯಿತು, ಎರಡೂ ಒಟ್ಟಿಗೆ ತಲೆಯಲ್ಲಿ ಕೂತವು. ಆದರೆ ಇಂಗ್ಲಿಷ್ ಕಲಿಸಲು ಕೂತಾಗ ನಾವು ಈ ದಾರಿಯನ್ನೇ ಮರೆತು ಎ, ಬಿ, ಸಿ, ಡಿ ಬರೆಸುತ್ತೇವೆ, ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುತ್ತೇವೆ, ಕಾಪಿ ಪುಸ್ತಕದ ನಾಲ್ಕು ಗೆರೆಯ ನಡುವೆ ಅಕ್ಷರ ಕೂರಿಸುತ್ತೇವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಬೇಗ ಶುರು ಮಾಡಿದ್ದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಯಾವುದರಿಂದ ಶುರು ಮಾಡಬೇಕು ಎಂಬ ಪ್ರಶ್ನೆಗೆ ಅದರ ಕಾಲು ಭಾಗದಷ್ಟೂ ಗಮನ ಸಿಕ್ಕಿಲ್ಲ.

ಆಜ್ಞೆಯಿಂದ ಶುರು ಮಾಡಬೇಕು ಎಂಬುದು ನನ್ನ ವಾದ. ಕಾರಣ ವ್ಯಾಕರಣದಲ್ಲೇ ಇದೆ. ಇಂಗ್ಲಿಷಿನಲ್ಲಿ ಹೊಸಬರನ್ನು ಕಾಡುವುದೆಲ್ಲ ಕ್ರಿಯಾಪದದ ಸುತ್ತ ಇರುತ್ತದೆ. ‘ಹಿ’ ಬಂದರೆ ‘ಗೋಸ್’, ‘ದೇ’ ಬಂದರೆ ‘ಗೋ’, ನಿನ್ನೆಯಾದರೆ ‘ವೆಂಟ್’, ಹೋಗಿಯಾಗಿದ್ದರೆ ‘ಗಾನ್’, ಜೊತೆಗೆ ‘ಆಮ್, ಈಸ್, ಆರ್’ಗಳ ಕಾಟ. ಆಜ್ಞೆಯಲ್ಲಿ ಇದೊಂದೂ ಇಲ್ಲ. ಕರ್ತೃ ಬೇಡ, ಕಾಲ ಬೇಡ, ವಚನ ಬೇಡ. ‘ಗೋ’ ಅಂದರೆ ಮುಗಿಯಿತು, ಅದೇ ಪೂರ್ಣ ವಾಕ್ಯ. ‘ಆಮ್, ಈಸ್, ಆರ್’ ಕೂಡ ಆಜ್ಞೆಗೆ ಬಂದಾಗ ತೆಪ್ಪಗೆ ‘ಬಿ’ ಆಗಿಬಿಡುತ್ತವೆ: ‘ಬಿ ಕೇರ್‌ಫುಲ್’, ‘ಬಿ ಕ್ವೈಟ್’. ಇನ್ನೊಂದು ಲಾಭ ಮೇಷ್ಟ್ರಿಗೆ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ನಲವತ್ತು ಮಕ್ಕಳೂ ‘ಆಯ್ತು ಸಾರ್’ ಎಂದು ರಾಗ ಎಳೆಯುತ್ತಾರೆ. ಯಾರಿಗೆ ಆಗಿದೆ ಎಂದು ದೇವರಿಗೂ ಗೊತ್ತಾಗುವುದಿಲ್ಲ. ‘ಓಪನ್ ದ ವಿಂಡೋ’ ಅಂದಾಗ ಬಾಗಿಲ ಕಡೆ ಹೋದ ಹುಡುಗ ಯಾರು, ಕಿಟಕಿಯ ಕಡೆ ಹೋದವಳು ಯಾರು ಎಂಬುದು ಮಾತ್ರ ಎಲ್ಲರಿಗೂ ಕಾಣುತ್ತದೆ.

ಇದು ಹೊಸ ಶೋಧವೇನಲ್ಲ. 19ನೇ ಶತಮಾನದಲ್ಲಿ ಫ್ರಾನ್ಸ್ವಾ ಗುವಾಂ ಎಂಬ ಫ್ರೆಂಚ್ ಮೇಷ್ಟ್ರು ಜರ್ಮನ್ ಕಲಿಯಲು ಹ್ಯಾಂಬರ್ಗ್‌ಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ವ್ಯಾಕರಣ ಉರು ಹೊಡೆದ, ಕ್ರಿಯಾಪದಗಳ ಪಟ್ಟಿ ಉರು ಹೊಡೆದ, ಕೊನೆಗೆ ನಿಘಂಟನ್ನೇ ಉರು ಹೊಡೆದ. ಹೊರಗೆ ಬಂದು ಜನರ ಮಾತಿಗೆ ಕಿವಿಗೊಟ್ಟರೆ ಏನೂ ತಿಳಿಯಲಿಲ್ಲ. ಸೋತು ಊರಿಗೆ ಮರಳಿದಾಗ ಅಷ್ಟರಲ್ಲಿ ಮಾತು ಕಲಿತಿದ್ದ ಮೂರು ವರ್ಷದ ಸೋದರಳಿಯ, ತಾನು ನೋಡಿಬಂದ ಹಿಟ್ಟಿನ ಗಿರಣಿಯನ್ನು ಆಟವಾಡಿ ತೋರಿಸುತ್ತಿದ್ದ. ಚೀಲ ತುಂಬುವುದು, ಹೊರುವುದು, ಸುರಿಯುವುದು, ಒಂದೊಂದು ಕೆಲಸಕ್ಕೂ ಬಾಯಲ್ಲಿ ಒಂದೊಂದು ಮಾತು. ಇದನ್ನು ನೋಡಿ ಗುವಾಂ ಕಟ್ಟಿದ ಬೋಧನಾ ಕ್ರಮ 1880ರಲ್ಲಿ ಪುಸ್ತಕವಾಯಿತು. ಆಮೇಲೆ ಹೆರಾಲ್ಡ್ ಪಾಮರ್. ಇಂಗ್ಲೆಂಡಿನಿಂದ 1922ರಲ್ಲಿ ಜಪಾನಿಗೆ ಹೋದ ಈತ ಅಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆ ಕಟ್ಟಿ, ಮಗಳು ಡೊರೊಥಿ ಜೊತೆ 1925ರಲ್ಲಿ ‘ಇಂಗ್ಲಿಷ್ ಥ್ರೂ ಆ್ಯಕ್ಷನ್ಸ್’ ಎಂಬ ಪುಸ್ತಕ ತಂದ. ಮಾತನಾಡಿಸುವ ಮೊದಲು ಆಜ್ಞೆ ಕೊಟ್ಟು ಮಾಡಿಸಬೇಕು ಎಂಬುದು ಅದರ ತಿರುಳು.

ಇದಕ್ಕೆ ಹೆಸರಿಟ್ಟು ಜಗತ್ತಿನ ತರಗತಿಗಳಿಗೆ ಹಂಚಿದವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಆಶರ್. ಜಪಾನಿ ಭಾಷೆಯ ಮೇಲಿನ ಅವರ ಮೊದಲ ಪ್ರಯೋಗದ ವರದಿ 1965ರದ್ದು. ಅವರಿಟ್ಟ ಹೆಸರು ‘ಟೋಟಲ್ ಫಿಸಿಕಲ್ ರೆಸ್ಪಾನ್ಸ್’. ಶಿಕ್ಷಕರ ತರಬೇತಿಗಳಲ್ಲಿ ಟಿಪಿಆರ್ ಎಂದರೆ ಇದೇ. ಕೂಸಿಗೆ ಮಾತು ಬರುವ ಎಷ್ಟೋ ಮೊದಲೇ ದೊಡ್ಡವರು ಅದಕ್ಕೆ ಆಜ್ಞೆ ಮಾಡುತ್ತಲೇ ಇರುತ್ತಾರೆ, ಅದು ಮೈಯಲ್ಲಿ ಉತ್ತರ ಕೊಡುತ್ತಿರುತ್ತದೆ ಎಂಬುದು ಆಶರ್ ಹಿಡಿದ ಎಳೆ. ನಮ್ಮ ಮನೆಗಳಲ್ಲಿ ನೋಡಿ: ‘ಟಾಟಾ ಮಾಡು’, ‘ಚಪ್ಪಾಳೆ ತಟ್ಟು’, ‘ಮಾಮಿಗೆ ಜೈ ಮಾಡು’, ‘ಆ ಮಾಡು, ಇನ್ನೊಂದೇ ತುತ್ತು’. ವರ್ಷದ ಕೂಸು ಇಷ್ಟನ್ನೂ ಪಾಲಿಸುತ್ತದೆ, ಒಂದು ಪದವನ್ನೂ ತಿರುಗಿ ಹೇಳದೆ. ಹೇಳಿಸಬೇಕು ಎಂಬ ಅವಸರವೂ ಯಾರಿಗೂ ಇರುವುದಿಲ್ಲ.

ಒಂದು ಸರ್ಕಾರಿ ಶಾಲೆಯ ಮೂರನೇ ತರಗತಿಯಲ್ಲಿ ಇದನ್ನು ಚೆನ್ನಾಗಿ ಮಾಡುವ ಮೇಡಂ ಒಬ್ಬರನ್ನು ನೋಡಿದ್ದೇನೆ. ಮೊದಲು ಅವರೇ ‘ಟಚ್ ದ ಡೋರ್’ ಎಂದು ಹೇಳಿ ತಾವೇ ಹೋಗಿ ಬಾಗಿಲು ಮುಟ್ಟಿದರು. ಮಕ್ಕಳು ಹಿಂದೆ ಹೋಗಿ ಮುಟ್ಟಿದರು. ‘ಟಚ್ ದ ಫ್ಲೋರ್’ ಎಂದು ಬಗ್ಗಿ ನೆಲ ಮುಟ್ಟಿದರು. ಆಮೇಲೆ ತಾವು ಕೈಕಟ್ಟಿ ನಿಂತು ಬರೀ ಹೇಳಿದರು; ಡೋರ್ ಯಾವುದು, ಫ್ಲೋರ್ ಯಾವುದು ಎಂದು ಹುಡುಗರು ಗಲಿಬಿಲಿಗೊಂಡು, ಮುಂದಿದ್ದವಳನ್ನು ನೋಡಿ ತಿದ್ದಿಕೊಂಡರು. ಯಾರನ್ನೂ ಬೈಯಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ, ಅದುವರೆಗೆ ಹೇಳದೇ ಇದ್ದ ಒಂದು ವಾಕ್ಯ ಬಿಟ್ಟರು: ‘ಪುಟ್ ದ ಡಸ್ಟರ್ ಆನ್ ಯುವರ್ ಹೆಡ್’. ಅರೆಗಳಿಗೆ ತರಗತಿ ಸ್ತಬ್ಧ. ಡಸ್ಟರ್ ಗೊತ್ತು, ಹೆಡ್ ಗೊತ್ತು, ಆದರೆ ಮೇಡಂ ನಿಜವಾಗಿ ಇದನ್ನೇ ಹೇಳಿದರೇ? ಎರಡನೇ ಸಾಲಿನ ಹುಡುಗಿ ಎದ್ದು ಡಸ್ಟರನ್ನು ತಲೆಯ ಮೇಲೆ ಇಟ್ಟುಕೊಂಡಳು, ಹಣೆಯ ಮೇಲೆಲ್ಲ ಸುಣ್ಣದ ಪುಡಿ. ಕೇಳಿರದ ವಾಕ್ಯವನ್ನು ಅವಳು ತಾನಾಗಿ ಬಿಡಿಸಿಕೊಂಡಿದ್ದಳು. ಭಾಷೆ ಕಲಿಯುವುದೆಂದರೆ ಇಷ್ಟೇ, ಉಳಿದದ್ದು ಶಬ್ದಭಂಡಾರ.

‘ಆನ್’, ‘ಅಂಡರ್’, ‘ಇನ್’, ‘ಬಿಹೈಂಡ್’ಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ. ನಾವು ‘ಬೆಂಚಿನ ಕೆಳಗೆ’ ಎಂದು ವಸ್ತುವನ್ನು ಮೊದಲು ಹೇಳಿ ಜಾಗವನ್ನು ಆಮೇಲೆ ಹೇಳುವವರು. ಇಂಗ್ಲಿಷ್ ಅದನ್ನು ಮಗುಚಿ ಹಾಕುತ್ತದೆ. ಕಪ್ಪುಹಲಗೆಯ ಮೇಲೆ ನಿಯಮ ಬರೆದರೆ ಪರೀಕ್ಷೆಯವರೆಗೆ ಉಳಿದೀತು. ಚೀಲವನ್ನು ಬೆಂಚಿನ ಕೆಳಗೆ, ಮೇಲೆ, ಹಿಂದೆ ಇಟ್ಟು ಇಟ್ಟು ಸುಸ್ತಾದ ಕೈ ಅದನ್ನು ಮರೆಯುವುದು ಕಷ್ಟ.

ಕೇಳಿ ಮಾಡುವುದು ಸುಲಭ. ತಾನೇ ಆಜ್ಞೆ ಮಾಡಲು ಹೊರಟಾಗ ಕನ್ನಡಿಗ ಎಡವುವ ಜಾಗಗಳು ಬೇರೆ. ಮೊದಲನೆಯದು ನಮ್ಮ ‘ಮಾಡು’. ‘ಲೈಟ್ ಆಫ್ ಮಾಡು’, ‘ಫ್ಯಾನ್ ಆನ್ ಮಾಡು’ ಎಂದು ಹೇಳಿ ರೂಢಿಯಾದವರು ‘ಮಾಡು’ವನ್ನು ಕಿತ್ತುಹಾಕಿ ‘ಆಫ್ ದ ಲೈಟ್’, ‘ಆನ್ ದ ಫ್ಯಾನ್’ ಅನ್ನುತ್ತಾರೆ. ಇಂಗ್ಲಿಷಿನವರು ಅಲ್ಲಿ ‘ಸ್ವಿಚ್’ ಅಥವಾ ‘ಟರ್ನ್’ ಎಂಬ ಕ್ರಿಯಾಪದ ಬಯಸುತ್ತಾರೆ. ಇದು ಸಣ್ಣ ತಪ್ಪು, ಲೈಟ್ ಆರುತ್ತದೆ, ಬಿಡಿ. ‘ಡೋಂಟ್’ ಹಾಗಲ್ಲ. ಕನ್ನಡದಲ್ಲಿ ‘ಮುಟ್ಟಬೇಡ’ ಎಂದಾಗ ‘ಬೇಡ’ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಡೋಂಟ್’ ಮುಂದೆ ಬಂದು, ಅವಸರದ ಮಾತಿನಲ್ಲಿ ಅರ್ಧ ನುಂಗಿಹೋಗಿ, ಕೊನೆಗೆ ಕಿವಿಯಲ್ಲಿ ಉಳಿಯುವುದು ‘ಟಚ್’ ಒಂದೇ. ಯಂತ್ರದ ಹತ್ತಿರ ಕೆಲಸ ಮಾಡುವ ಹೊಸ ಹುಡುಗನಿಗೆ ಇದು ವ್ಯಾಕರಣದ ಪ್ರಶ್ನೆಯಲ್ಲ, ಬೆರಳಿನ ಪ್ರಶ್ನೆ. ಅಲ್ಲಿ ‘ಸ್ಟಾಪ್’, ‘ಹ್ಯಾಂಡ್ಸ್ ಆಫ್’ ಎಂದು ಕೂಗುವುದೇ ಮೇಲು.

ದಾರಿ ಹೇಳುವಾಗಿನ ತೊಡಕು ಇನ್ನೂ ಸ್ವಾರಸ್ಯದ್ದು. ‘ಸೀದಾ ಹೋಗಿ, ಸಿಗ್ನಲ್ ದಾಟಿ, ಎಡಕ್ಕೆ ತಿರುಗಿ, ಎರಡನೇ ಕ್ರಾಸಿನಲ್ಲಿ ಕೇಳಿ’ ಎಂದು ನಾವು ಒಂದೇ ಉಸಿರಿಗೆ ಹೇಳುತ್ತೇವೆ. ಇದರಲ್ಲಿ ‘ಹೋಗಿ’ ಎಂಬುದು ‘ತಾವು ಹೋಗಿ’ ಎಂಬ ಆಜ್ಞೆಯೋ, ‘ಹೋದ ಮೇಲೆ’ ಎಂಬ ಅರ್ಥದ ಕೊಂಡಿಯೋ? ಎರಡೂ ಹೌದು, ಕನ್ನಡಕ್ಕೆ ಅದನ್ನು ತೀರ್ಮಾನಿಸುವ ಅಗತ್ಯವೇ ಬಿದ್ದಿಲ್ಲ. ಇಂಗ್ಲಿಷಿಗೆ ಬಿದ್ದಿದೆ. ಅದಕ್ಕೇ ಹೊಸಬರು ‘ಗೋಯಿಂಗ್ ಸ್ಟ್ರೈಟ್, ಕ್ರಾಸಿಂಗ್ ಸಿಗ್ನಲ್’ ಎಂದು ಸರಪಳಿ ನೇಯುತ್ತಾ ಹೋಗಿ ವಾಕ್ಯ ಮುಗಿಸಲಾಗದೆ ಕೈ ತೋರಿಸಿಬಿಡುತ್ತಾರೆ. ಸರಪಳಿ ಕತ್ತರಿಸುವುದೇ ಇದಕ್ಕೆ ಮದ್ದು. ‘ಗೋ ಸ್ಟ್ರೈಟ್. ಕ್ರಾಸ್ ದ ಸಿಗ್ನಲ್. ಟರ್ನ್ ಲೆಫ್ಟ್. ದೆನ್ ಆಸ್ಕ್ ಸಮ್‌ಒನ್.’ ಒಂದೊಂದು ಕೆಲಸಕ್ಕೆ ಒಂದೊಂದು ವಾಕ್ಯ, ನಡುವೆ ಉಸಿರು. ಉಪ್ಪಿಟ್ಟು ಮಾಡುವ ವಿಧಾನ ಹೇಳುವಾಗಲೂ ಇದೇ ಕತ್ತರಿ: ರವೆ ಹುರಿಯಿರಿ, ತೆಗೆದಿಡಿ, ಎಣ್ಣೆ ಕಾಯಿಸಿ. ಬೆಂಗಳೂರಿನ ಆಟೋ ಚಾಲಕರು ಇದನ್ನು ಯಾವ ಕೋರ್ಸಿಗೂ ಹೋಗದೆ ಕಲಿತಿದ್ದಾರೆ. ಅವರ ಇಂಗ್ಲಿಷಿನಲ್ಲಿ ಒಂದು ಪದವೂ ವ್ಯರ್ಥವಿಲ್ಲ.

ಇನ್ನು ಮರ್ಯಾದೆಯ ವಿಚಾರ. ಕನ್ನಡದ ಆಜ್ಞೆಯಲ್ಲಿ ಎದುರಿನವರು ಯಾರು ಎಂಬುದು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಬಾ, ಬಾರೋ, ಬಾರೇ, ಬಾರಪ್ಪ, ಬನ್ನಿ, ಧಾರವಾಡದ ಕಡೆ ಬರ್ರಿ, ಮದುವೆ ಮನೆಯ ಬಾಗಿಲಲ್ಲಿ ‘ಬರಬೇಕು, ಬರಬೇಕು’. ಇಷ್ಟಕ್ಕೂ ಇಂಗ್ಲಿಷಿನ ಉತ್ತರ ಒಂದೇ ‘ಕಮ್’. ನಾಯಿಗೂ ಅದೇ, ನ್ಯಾಯಾಧೀಶರಿಗೂ ಅದೇ. ಬರೀ ‘ಕಮ್’ ಅಂದಾಗ ನಾಲಗೆಗೆ ಏನೋ ಮುಳ್ಳು ಚುಚ್ಚಿದಂತಾಗಿ, ನಮ್ಮವರು ಹಿಂದೆ ಮುಂದೆ ‘ಸಾರ್’, ‘ಪ್ಲೀಸ್’, ‘ಕೈಂಡ್ಲಿ’ ಪೇರಿಸುತ್ತಾರೆ. ಕಚೇರಿ ಪತ್ರಗಳ ‘ಕೈಂಡ್ಲಿ ಡು ದ ನೀಡ್‌ಫುಲ್’ ಹುಟ್ಟಿಗೂ ಇಂಥದೇ ಸಂಕೋಚ ಕಾರಣವಿರಬೇಕು ಎಂಬುದು ನನ್ನ ಅನುಮಾನ. ಇನ್ನು ಕೆಲವರು ಇಂಗ್ಲಿಷಿನಲ್ಲಿ ಮರ್ಯಾದೆಯೇ ಇಲ್ಲ ಎಂದುಕೊಂಡು ‘ಗಿವ್ ಮಿ ಫಾರಂ’, ‘ಸೈನ್ ಹಿಯರ್’ ಎಂದು ಒರಟಾಗಿ ಹೇಳಿಬಿಡುತ್ತಾರೆ, ಕನ್ನಡದಲ್ಲಿ ಎಂದೂ ಹಾಗೆ ಮಾತಾಡದವರು.

ಇಂಗ್ಲಿಷಿನಲ್ಲಿ ಮರ್ಯಾದೆ ಇಲ್ಲದೆ ಇಲ್ಲ. ಅದು ಕೂತಿರುವ ಜಾಗ ಬೇರೆ. ಭಾಷಾವಿಜ್ಞಾನಿ ಜೆಫ್ರಿ ಲೀಚ್ 1983ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಸರಳ ಅಳತೆಗೋಲು ಕೊಟ್ಟಿದ್ದಾರೆ: ಹೇಳಿದ ಕೆಲಸದಿಂದ ಲಾಭ ಯಾರಿಗೆ, ಶ್ರಮ ಯಾರಿಗೆ? ಕೇಳುವವರಿಗೇ ಲಾಭವಿದ್ದರೆ ಬರೀ ಆಜ್ಞೆಯೇ ಸೌಜನ್ಯ. ‘ಹ್ಯಾವ್ ಸಮ್ ಕಾಫಿ’, ‘ಟೇಕ್ ಕೇರ್’, ‘ಕಮ್ ಇನ್’ ಎಂಬಲ್ಲಿ ‘ಪ್ಲೀಸ್’ ಇಲ್ಲದಿದ್ದರೂ ಯಾರಿಗೂ ಬೇಸರವಾಗುವುದಿಲ್ಲ. ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ’ ಎಂದು ಬಲವಂತ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಅವರದು, ಲಾಭ ನಮ್ಮದು ಎಂದಾದಾಗ ಮಾತ್ರ ಆಜ್ಞೆ ಪ್ರಶ್ನೆಯ ವೇಷ ಹಾಕಬೇಕು: ‘ಕುಡ್ ಯು ಸೈನ್ ಹಿಯರ್?’ ಕೆಲಸ ದೊಡ್ಡದಾದಷ್ಟೂ ವೇಷ ಉದ್ದ. ಹೊಸಬರಿಗೆ ‘ಕುಡ್ ಯು’ ಒಂದನ್ನು ಕಲಿಸಿದರೆ ವರ್ಷಗಟ್ಟಲೆ ಸಾಕು. ಎಚ್ಚರ ಬೇಕಾದದ್ದು ‘ಬೇಕು’ವಿನ ವಿಷಯದಲ್ಲಿ. ‘ಇಲ್ಲೊಂದು ಸೈನ್ ಮಾಡಬೇಕು ಸಾರ್’ ಎಂಬುದು ಕನ್ನಡದಲ್ಲಿ ವಿನಯದ ಮಾತು. ಅದನ್ನೇ ‘ಯು ಮಸ್ಟ್ ಸೈನ್ ಹಿಯರ್’ ಎಂದು ತಿರುಗಿಸಿದರೆ ಪೊಲೀಸ್ ಠಾಣೆಯ ದನಿ ಬರುತ್ತದೆ.

ಆಜ್ಞೆಯ ಇಂಗ್ಲಿಷ್ ಸರಳ ಎಂದ ಮಾತ್ರಕ್ಕೆ ಸದರ ಎಂದಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ದಟ್ಟ ಮಂಜಿನ ನಡುವೆ ಎರಡು ಬೋಯಿಂಗ್ 747ಗಳು ರನ್‌ವೇಯಲ್ಲೇ ಡಿಕ್ಕಿ ಹೊಡೆದು 583 ಜನ ಸತ್ತರು. ನಾಗರಿಕ ವಿಮಾನಯಾನದಲ್ಲಿ ಅಷ್ಟು ಜನ ಸತ್ತ ಬೇರೆ ಅಪಘಾತವಿಲ್ಲ. ಸ್ಪ್ಯಾನಿಷ್ ಮಾತೃಭಾಷೆಯ ನಿಯಂತ್ರಕ, ಡಚ್ ಮಾತೃಭಾಷೆಯ ಪೈಲಟ್‌ಗಳು, ನಡುವೆ ಇಂಗ್ಲಿಷ್. ಡಚ್ ವಿಮಾನದಿಂದ ಬಂದ ‘ನಾವು ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಕಾಯುತ್ತಿದ್ದೇವೆ ಎಂದೂ ಆಗಬಹುದಿತ್ತು, ಹೊರಟಿದ್ದೇವೆ ಎಂದೂ ಆಗಬಹುದಿತ್ತು. ನಿಯಂತ್ರಕ ಮೊದಲು ‘ಓಕೆ’ ಅಂದ, ಆಮೇಲೆ ಕಾಯಲು ಹೇಳಿದ. ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವರೂ ರೇಡಿಯೊದಲ್ಲಿ ಮಾತಾಡಿದ್ದರಿಂದ ಕಿರುಗುಟ್ಟುವ ಸದ್ದು ತುಂಬಿ, ಡಚ್ ವಿಮಾನದೊಳಗೆ ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಮಾತ್ರ. ಆ ಹೊತ್ತಿಗೆ ಅನುಮತಿ ಸಿಗುವ ಮೊದಲೇ ವಿಮಾನ ಓಡತೊಡಗಿತ್ತು. ಅಂದಿನಿಂದ ವಿಮಾನಯಾನದ ಮಾತುಗಳ ನಿಯಮ ಬಿಗಿಯಾಯಿತು. ‘ಟೇಕಾಫ್’ ಪದವನ್ನು ನಿಜವಾಗಿ ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು, ಬೇರೆಲ್ಲ ಕಡೆ ‘ಡಿಪಾರ್ಚರ್’. ಮುಖ್ಯ ಆಜ್ಞೆಗಳಿಗೆ ‘ಓಕೆ’ ಎಂಬ ಉತ್ತರ ನಡೆಯುವುದಿಲ್ಲ. ಕೇಳಿಸಿಕೊಂಡದ್ದನ್ನು ತಿರುಗಿ ಪೂರ್ತಿ ಹೇಳಬೇಕು.

ಈ ಕೊನೆಯ ನಿಯಮವನ್ನು ನಮ್ಮ ಕಲಿಕೆಗೂ ತಂದುಕೊಳ್ಳಬಹುದು. ಅರ್ಥವಾಗದಿದ್ದರೂ ‘ಯಸ್ ಸಾರ್, ಓಕೆ ಸಾರ್’ ಎಂದು ತಲೆ ಆಡಿಸುವುದು ನಮ್ಮ ಹಳೆಯ ಚಾಳಿ. ಆ ತಲೆಯಾಟ ಹೌದೋ ಅಲ್ಲವೋ ಎಂದು ಹೊರಗಿನವರಿಗೆ ತಿಳಿಯುವುದೂ ಇಲ್ಲ. ‘ಪುಟ್ ದ ರೆಡ್ ಬಾಕ್ಸ್ ಆನ್ ದ ಟಾಪ್ ಶೆಲ್ಫ್’ ಎಂದು ಸೂಪರ್‌ವೈಸರ್ ಹೇಳಿದರೆ, ‘ರೆಡ್ ಬಾಕ್ಸ್, ಟಾಪ್ ಶೆಲ್ಫ್’ ಎಂದು ತಿರುಗಿ ಹೇಳುವ ಅಭ್ಯಾಸ ಮೊದಲ ದಿನದಿಂದಲೇ ಆಗಬೇಕು. ಹೀಗೆ ಹೇಳುವುದು ನಾಚಿಕೆಯ ವಿಷಯವೇ ಅಲ್ಲ, ಪೈಲಟ್‌ಗಳು ಮಾಡುವುದೂ ಅದನ್ನೇ.

ಓದುವ ಆಜ್ಞೆಗಳನ್ನೂ ಬಿಡಬಾರದು. ಔಷಧಿ ಬಾಟಲಿಯ ಮೇಲಿನ ‘ಶೇಕ್ ವೆಲ್ ಬಿಫೋರ್ ಯೂಸ್’, ಗಾಜಿನ ಬಾಗಿಲಿನ ‘ಪುಶ್’, ‘ಪುಲ್’ (ಇವೆರಡೂ ಒಂದೇ ಅಕ್ಷರದಿಂದ ಶುರುವಾಗುವುದು ಯಾರ ಪಿತೂರಿಯೋ), ಓಟಿಪಿ ಸಂದೇಶದ ‘ಡು ನಾಟ್ ಶೇರ್’. ಕಡೆಯದನ್ನು ಓದಲಾಗದೆ ಹಣ ಕಳೆದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ವಯಸ್ಕರಿಗೆ ಇಂಗ್ಲಿಷ್ ಕಲಿಸುವವರು ಮೊದಲ ವಾರದ ಪಾಠಕ್ಕೆ ಇಂಥವನ್ನೇ ತೆಗೆದುಕೊಂಡರೆ ಉಪಕಾರವಾದೀತು.

ಈ ವಿಧಾನಕ್ಕೆ ಮಿತಿಗಳಿವೆ. ನಿನ್ನೆ ಏನಾಯಿತು, ನಾಳೆ ಏನಾಗಬಹುದು, ನನಗೇನು ಅನ್ನಿಸುತ್ತದೆ ಎಂಬುದನ್ನೆಲ್ಲ ಆಜ್ಞೆಯಲ್ಲಿ ಕಲಿಸಲು ಹೊರಟರೆ ಸರ್ಕಸ್ ಆಗುತ್ತದೆ. ಒಂದೇ ಕೋಣೆಯಲ್ಲಿ ಮೂರು ತರಗತಿ ಕೂಡಿಸಿಕೊಂಡ ಮೇಷ್ಟ್ರಿಗೆ ಮಕ್ಕಳನ್ನು ಎಬ್ಬಿಸಿ ಓಡಾಡಿಸುವುದೇ ಕಷ್ಟ. ಸ್ಪೋಕನ್ ಇಂಗ್ಲಿಷ್ ತರಗತಿಗೆ ಬರುವ ನಲವತ್ತು ದಾಟಿದ ಗೃಹಿಣಿಗೆ ‘ಜಂಪ್’ ಎಂದರೆ ಮರುದಿನ ಅವರು ಬರುವುದಿಲ್ಲ. ಅವರಿಗೆ ಬೀಗ ತೆಗೆಯುವ, ಕುಕ್ಕರ್ ಇಡುವ, ಮೊಬೈಲ್ ಚಾರ್ಜಿಗೆ ಹಾಕುವ ಆಜ್ಞೆಗಳೇ ಸರಿ.

ಆದರೆ ನಮ್ಮಲ್ಲಿ ಇದು ಸೋಲುವುದು ಈ ಮಿತಿಗಳಿಂದಲ್ಲ, ಅರ್ಧದಲ್ಲೇ ನಿಲ್ಲಿಸುವುದರಿಂದ. ಆಶರ್ ವಿಧಾನದಲ್ಲಿ ಒಂದಷ್ಟು ಗಂಟೆಗಳ ಪಾಠದ ನಂತರ ಪಾತ್ರ ಅದಲುಬದಲಾಗುತ್ತದೆ: ವಿದ್ಯಾರ್ಥಿ ಆಜ್ಞೆ ಮಾಡುತ್ತಾನೆ, ಶಿಕ್ಷಕ ಪಾಲಿಸುತ್ತಾನೆ. ನಮ್ಮ ತರಗತಿಗಳಲ್ಲಿ ಆಜ್ಞೆ ಎಂದರೆ ‘ಸ್ಟ್ಯಾಂಡಪ್’, ‘ಸಿಡ್ಡೌನ್’, ‘ಕೀಪ್ ಕ್ವೈಟ್’, ಅದೂ ಮೇಲಿನಿಂದ ಕೆಳಕ್ಕೆ. ಮಗುವಿನ ಪಾಲಿಗೆ ಉಳಿಯುವುದು ‘ಮೇ ಐ ಕಮ್ ಇನ್ ಸಾರ್’ ಒಂದೇ. ಬಾಗಿಲಲ್ಲಿ ನಿಂತು ಅಪ್ಪಣೆ ಬೇಡುವ ಇಂಗ್ಲಿಷನ್ನಷ್ಟೇ ಕಲಿತವರು ಮುಂದೆ ಇಂಟರ್‌ವ್ಯೂನಲ್ಲಿ ಬಾಯಿ ಬಿಡುವುದಿಲ್ಲ ಎಂದು ಕೊರಗುತ್ತೇವೆ. ನಾನು ಹೇಳಿದ ಮೇಡಂ ಪಾಠದ ಕೊನೆಗೆ ಒಬ್ಬ ಹುಡುಗನನ್ನು ಕರೆದು ‘ಈಗ ನೀನು ಹೇಳು, ನಾನು ಮಾಡ್ತೀನಿ’ ಅಂದರು. ಅವನು ನೆಲ ನೋಡುತ್ತಾ ‘ಮಿಸ್, ಸಿಟ್’ ಅಂದ. ಕೂತರು. ‘ಮಿಸ್, ಸ್ಟ್ಯಾಂಡಪ್’. ಎದ್ದರು. ನಂಬಲಾಗದೆ ಇನ್ನೆರಡು ಸಲ ಕೂರಿಸಿ ಎಬ್ಬಿಸಿದ. ಆಮೇಲೆ ತಲೆ ಎತ್ತಿ, ದನಿ ಎತ್ತಿ, ‘ಮಿಸ್, ಹೋಲ್ಡ್ ಯುವರ್ ಇಯರ್ಸ್’ ಅಂದ. ಅವರು ಕಿವಿ ಹಿಡಿದು ನಿಂತರು, ತರಗತಿ ಬಿದ್ದು ಬಿದ್ದು ನಕ್ಕಿತು. ಆ ಹುಡುಗನ ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ.

ಇದಕ್ಕೆ ಶಾಲೆಯೇ ಬೇಕೆಂದಿಲ್ಲ. ಇಂಗ್ಲಿಷ್ ಬಾರದ ಅಪ್ಪ ಅಮ್ಮನೂ ಮಾಡಬಹುದು, ಏಕೆಂದರೆ ಹೇಳುವ ಕೆಲಸ ಮಗುವಿನದು, ನಿಮ್ಮದು ಪಾಲಿಸುವ ಕೆಲಸ ಅಷ್ಟೆ. ದಿನಕ್ಕೆ ಐದು ನಿಮಿಷ, ಊಟಕ್ಕೆ ಕೂರುವ ಮೊದಲು. ಪದ ಗೊತ್ತಾಗದಿದ್ದರೆ ‘ಅಂದ್ರೆ ಏನು, ಮಾಡಿ ತೋರಿಸು’ ಅನ್ನಿ, ತೋರಿಸುತ್ತಾ ಮಗುವೂ ಇನ್ನೊಮ್ಮೆ ಕಲಿಯುತ್ತದೆ. ‘ಬ್ರಿಂಗ್ ವಾಟರ್’ ಅಂದರೆ ನೀರು ತನ್ನಿ. ಬಾಯಿತಪ್ಪಿ ‘ಬ್ರಿಂಗ್ ಟೇಬಲ್’ ಅಂದರೆ, ದಯವಿಟ್ಟು ತಿದ್ದಬೇಡಿ, ಟೇಬಲ್ಲನ್ನೇ ಎತ್ತಿಕೊಂಡು ಬನ್ನಿ.